ಹಳೆಯ .357 ರಿವಾಲ್ವರ್ ಕೊಳ್ಳುವ ಮುಂಚೆ ಬ್ಯಾರೆಲ್ ಬುಡ ನೋಡಿ

ಅಮೆರಿಕದಲ್ಲಿದ್ದು ಸೆಕೆಂಡ್ ಹ್ಯಾಂಡ್ ರಿವಾಲ್ವರ್ ಕೊಳ್ಳುವ ಯೋಚನೆಯಲ್ಲಿರುವ ನಮ್ಮವರಿಗೆ ಈ ಮಾತು. ಟೆಕ್ಸಾಸ್‌ನ ಒಂದು ಅಂಗಡಿಯಲ್ಲಿ ನಾನು ಮಧ್ಯಮ ಫ್ರೇಮಿನ (ಮಧ್ಯಮ ಗಾತ್ರದ ಚೌಕಟ್ಟಿನ) ಹಳೆಯ .357 ಮ್ಯಾಗ್ನಮ್ ರಿವಾಲ್ವರ್ ಕೊಂಡೆ. ಮೈಯೆಲ್ಲ ಮಿರಿಮಿರಿ ಮಿಂಚುತ್ತಿತ್ತು. "ಜಾಸ್ತಿ ಹಾರಿಸಿಯೇ ಇಲ್ಲ" ಅಂದರು. ಮೇಲೆ ಥಳಕು, ಒಳಗೆ ಹುಳುಕು.

ನಾನು ಹಾಕುತ್ತಿದ್ದುದು ಇದರಲ್ಲೇ ಹಾರಿಸಬಹುದಾದ, ಒತ್ತಡ ಕಡಿಮೆಯ .38 ಸ್ಪೆಷಲ್ ಗುಂಡು ಮಾತ್ರ. ಆದರೂ ಪಕ್ಕದಲ್ಲಿ ನಿಂತವರ ಕೆನ್ನೆಗೆ ಸೀಸದ ಚೂರು ಸಿಡಿಯತೊಡಗಿತು. ಬಂದೂಕು ರಿಪೇರಿ ಮಾಡುವ ಗನ್‌ಸ್ಮಿತ್, ಗುಂಡು ತುಂಬುವ ತಿರುಗುವ ಸಿಲಿಂಡರ್ ತೆರೆದು, ಬ್ಯಾರೆಲ್ ಬುಡದ ಮಸಿಯನ್ನು ಬ್ರಷ್‌ನಿಂದ ಉಜ್ಜಿ, ಟಾರ್ಚ್ ಬಿಟ್ಟು ತೋರಿಸಿದರು. ಗಡಿಯಾರದ ಆರು ಗಂಟೆಯ ಜಾಗದಲ್ಲಿ ಕೂದಲೆಳೆಯಂಥ ಬಿರುಕು!

ಗುಂಡು ಸಿಲಿಂಡರ್‌ನಿಂದ ಬ್ಯಾರೆಲ್‌ಗೆ ನುಗ್ಗುವ ಬಾಯಿಗೆ ಫೋರ್ಸಿಂಗ್ ಕೋನ್ ಅಂತಾರೆ. ಇಂಥ ಕೆಲವು ಹಳೆಯ ಮಾದರಿಗಳಲ್ಲಿ, ಸಿಲಿಂಡರ್ ಹಿಡಿದಿರುವ ತೋಳಿಗೆ ಜಾಗ ಮಾಡಲು ಅದರ ಕೆಳಭಾಗವನ್ನು ಚಪ್ಪಟೆಯಾಗಿ ಕೊರೆದಿರುತ್ತಾರೆ. ಅಲ್ಲಿ ಲೋಹ ತೆಳು. .38 ಸ್ಪೆಷಲ್‌ನ ಒತ್ತಡದ ಮಿತಿ ಚದರ ಇಂಚಿಗೆ 17,000 ಪೌಂಡ್. ಅದರದೇ ಜೋರು ಬಗೆಯಾದ ಪ್ಲಸ್ ಪಿ ಆದರೆ 20,000. ಮ್ಯಾಗ್ನಮ್‌ಗೆ 35,000, ಅಂದರೆ ಸಾದಾ .38ರ ಎರಡರಷ್ಟಕ್ಕೂ ಮೇಲೆ.

ಒತ್ತಡವೊಂದೇ ಕಾರಣ ಅಂದುಕೊಳ್ಳಬೇಡಿ. 1935ರಲ್ಲಿ ಈ ಮ್ಯಾಗ್ನಮ್ ಬಂದಾಗ ಅದರಲ್ಲಿದ್ದುದು 158 ಗ್ರೇನ್ (ಸುಮಾರು 10 ಗ್ರಾಂ) ತೂಕದ ಗುಂಡು. ಆಮೇಲೆ ಪೊಲೀಸರಲ್ಲಿ 125 ಗ್ರೇನಿನ ಹಗುರ ಗುಂಡು ಬಳಕೆಗೆ ಬಂತು. ಗುಂಡು ಗಿಡ್ಡ, ಹಿಂದೆ ಮದ್ದು ಜಾಸ್ತಿ. ಬಿಸಿ ಅನಿಲ, ಅರೆಬೆಂದ ಮದ್ದಿನ ಕಣ ಎಲ್ಲ ಸೇರಿ ಆ ತೆಳು ಜಾಗವನ್ನೇ ಕೊರೆಯುತ್ತವೆ. ನನ್ನದರ ಹಿಂದಿನ ಯಜಮಾನ ಇದನ್ನೇ ಸುರಿದಿರಬೇಕು ಅನ್ನುವುದು ಗನ್‌ಸ್ಮಿತ್ ಊಹೆ. ಅಂಗಡಿಯವರು ಮಾತ್ರ "ಮಾರಿದ ಮೇಲೆ ವಾಪಸ್ ಇಲ್ಲ" ಅಂದುಬಿಟ್ಟರು. ಹಳೆಯ ಮಾದರಿಗೆ ಬದಲಿ ಬ್ಯಾರೆಲ್ ಹುಡುಕುವುದೂ ಸುಲಭವಲ್ಲ. ಸದ್ಯ ಅದು ಕಪಾಟಿನಲ್ಲಿ ಸುಮ್ನೆ ಕೂತಿದೆ.

ಸಿಲಿಂಡರ್ ಮೇಲಿನ ಫ್ರೇಮ್ ಪಟ್ಟಿಯಲ್ಲಿ ಸಣ್ಣ ಗೀರು ಕಂಡರೆ ಗಾಬರಿ ಬೇಡ. ಅದು ಸಾಮಾನ್ಯವಾಗಿ ಒಂದು ಹಂತಕ್ಕೆ ನಿಂತುಬಿಡುತ್ತದೆ. ಬ್ಯಾರೆಲ್ ಬುಡವನ್ನಂತೂ ಮಸಿ ಉಜ್ಜಿಸದೆ ನೋಡಿದರೆ ಪ್ರಯೋಜನವಿಲ್ಲ, ಬಿರುಕು ಮಸಿಯಡಿಯಲ್ಲೇ ಅಡಗಿರುತ್ತದೆ. ಗನ್ ಖಾಲಿ ಇದೆ ಅಂತ ಖಾತ್ರಿ ಮಾಡಿಕೊಂಡು, ಸಿಲಿಂಡರ್ ಮುಚ್ಚಿ ಹಿಂದೆ ಮುಂದೆ ಅಲ್ಲಾಡಿಸಿ. ಲೊಡಲೊಡ ಅಂದರೆ ಜೋರು ಗುಂಡುಗಳ ಏಟು ಚೆನ್ನಾಗಿಯೇ ತಿಂದಿರಬಹುದು. ಉಜ್ಜಿ ತೋರಿಸಲು ಅಂಗಡಿಯವರು ಒಪ್ಪದಿದ್ದರೆ ದುಡ್ಡು ಕೊಡಬೇಡಿ.