ಹೊಂದಾಣಿಕೆ ಅಂಕಕ್ಕೆ ದುಡ್ಡು ದಂಡ, ಜೋಡಿಗಳ ಪಟ್ಟಿಗೆ ಎಷ್ಟು ಕೊಟ್ಟರೂ ಕಡಿಮೆ

ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಅಂಕಿಅಂಶಗಳನ್ನು ಮಾರುವ ಒಂದು ವಿದೇಶಿ ತಾಣಕ್ಕೆ ನಾನು ಕೆಲವು ಋತುಗಳಿಂದ ಚಂದಾದಾರನಾಗಿದ್ದೇನೆ. ಅದರ ದುಬಾರಿ ಯೋಜನೆಯ ಮುಖ್ಯ ಆಕರ್ಷಣೆ ‘ಹೊಂದಾಣಿಕೆ ಅಂಕ’. ಒಬ್ಬ ಆಟಗಾರನನ್ನೂ ಒಂದು ತಂಡವನ್ನೂ ಆರಿಸಿದರೆ, ಆತ ಅಲ್ಲಿಗೆ ಎಷ್ಟು ಒಗ್ಗುತ್ತಾನೆ ಎಂಬುದನ್ನು ನೂರಕ್ಕೆ ಇಷ್ಟು ಎಂದು ಅದು ಹೇಳಿಬಿಡುತ್ತದೆ. ಈ ವಿಮರ್ಶೆ ಬರೆಯುವಂತೆ ಮಾಡಿದ್ದೂ ಆ ಅಂಕವೇ.

ಅಮೆರಿಕದ ಪೂರ್ವ ಕರಾವಳಿಯಲ್ಲಿ ಚಳಿಗಾಲದ ಸಂಜೆ ಏಳಕ್ಕೆ ಶುರುವಾಗುವ ಪಂದ್ಯ ಮಂಗಳೂರಿನಲ್ಲಿ ಬೆಳಗಿನ ಐದೂವರೆಗೆ ಬರುತ್ತದೆ. ಪಂದ್ಯ ಮುಗಿದು ಕಚೇರಿಗೆ ಹೊರಡುವ ನಡುವಿನ ಹೊತ್ತಿನಲ್ಲಿ, ಕಾಫಿ ಲೋಟವನ್ನು ಪಕ್ಕಕ್ಕಿಟ್ಟುಕೊಂಡು ಆ ದಿನ ಯಾರ ಜೊತೆ ಯಾರು ಆಡಿದಾಗ ತಂಡ ಮುಂದೆ ಹೋಯಿತು ಎಂದು ನೋಡುವುದು ನನ್ನ ನಿತ್ಯದ ಸುಖ. ಆದರೆ ಹೊಂದಾಣಿಕೆಯ ಚರ್ಚೆಗೆ ನಿಜವಾದ ಕಳೆ ಬರುವುದು ಆಟಗಾರರು ತಂಡ ಬದಲಿಸುವ ಜೂನ್ ಕೊನೆ ಮತ್ತು ಜುಲೈಯಲ್ಲಿ. ಆಗ ಇಲ್ಲಿ ಜಡಿಮಳೆ; ಆಟಿ ತಿಂಗಳು ಬರುವ ಹೊತ್ತಿಗೆ ಸಂಜೆ ಅಂಗಳಕ್ಕಿಳಿದು ಆಡುವ ಆಸೆಯನ್ನೂ ಬಿಟ್ಟಿರುತ್ತೇವೆ, ಕರೆಂಟು ಇರುವಷ್ಟು ಹೊತ್ತು ಪಟ್ಟಿಗಳನ್ನು ಕೆದಕುತ್ತ ಕೂರುತ್ತೇವೆ.

ಹೊಂದಾಣಿಕೆ ಅಂಕದ ದೋಷವನ್ನು ಕಾಣಲು ಎನ್‌ಬಿಎ ತಾರೆ ರಸೆಲ್ ವೆಸ್ಟ್‌ಬ್ರೂಕ್ ಅವರ ಹಳೆಯ ಅಂಕಿಗಳನ್ನು ಹಾಕಿ ನೋಡಿದರೆ ಸಾಕು. ಅವರು 2016–17ರಲ್ಲಿ ಪಂದ್ಯಕ್ಕೆ ಸರಾಸರಿ 31.6 ಅಂಕ, 10.7 ರೀಬೌಂಡ್ (ಗುರಿ ತಪ್ಪಿದ ಚೆಂಡನ್ನು ಹಿಡಿಯುವುದು), 10.4 ಅಸಿಸ್ಟ್ (ಜೊತೆಗಾರನ ಬುಟ್ಟಿಗೆ ದಾರಿಯಾದ ಪಾಸ್) ಗಳಿಸಿ ಎಂವಿಪಿ, ಅಂದರೆ ಋತುವಿನ ಶ್ರೇಷ್ಠ ಆಟಗಾರ, ಆದವರು. 2020–21ರಲ್ಲಿ ವಾಷಿಂಗ್ಟನ್ ತಂಡದಲ್ಲೂ ಅವರ ಸರಾಸರಿ ಟ್ರಿಪಲ್-ಡಬಲ್ (ಈ ಮೂರರಲ್ಲೂ ಹತ್ತು ಅಥವಾ ಹೆಚ್ಚು) ಆಗಿತ್ತು. ಮರು ಋತುವಿಗೆ ಅವರು ಲೇಕರ್ಸ್ ಸೇರುವುದನ್ನು ತಾಣದ ಸೂತ್ರ ಇಂದಿಗೂ ಸೊಗಸಾದ ಜೋಡಣೆ ಎಂದೇ ತೋರಿಸುತ್ತದೆ. ನಡೆದದ್ದು 33 ಗೆಲುವು, 49 ಸೋಲು. ತಂಡದ ತಾರೆಗಳಾದ ಲೆಬ್ರಾನ್ ಜೇಮ್ಸ್ ಮತ್ತು ಆಂಥನಿ ಡೇವಿಸ್ ಗಾಯದಿಂದ ಅನೇಕ ಪಂದ್ಯಗಳನ್ನು ಕಳೆದುಕೊಂಡರು ಎಂಬುದು ನಿಜ. ಆದರೂ ಅಂಗಳದಲ್ಲಿರುವುದು ಒಂದೇ ಚೆಂಡು, ಅದು ಆಗಲೇ ಲೆಬ್ರಾನ್ ಕೈಯಲ್ಲಿತ್ತು. ಚೆಂಡು ಕೈಯಲ್ಲಿಲ್ಲದಾಗ ದೂರ ನಿಂತು ಶೂಟ್ ಮಾಡಬೇಕು; ವೆಸ್ಟ್‌ಬ್ರೂಕ್ ಅವರ ತ್ರೀ-ಪಾಯಿಂಟ್ (ದೂರದ ಗೆರೆಯಾಚೆಯಿಂದ ಹಾಕುವ, ಮೂರು ಅಂಕದ ಶಾಟ್) ಯಶಸ್ಸು ವೃತ್ತಿಜೀವನದುದ್ದಕ್ಕೂ ಶೇಕಡಾ 30ರ ಆಸುಪಾಸಿನದು. ಎದುರಾಳಿ ಅವರನ್ನು ದೂರದಲ್ಲಿ ಬಿಟ್ಟು ಬುಟ್ಟಿಯ ಕೆಳಗೆ ಗುಂಪುಗೂಡಿದರೆ ಲೆಬ್ರಾನ್ ನುಗ್ಗುವ ದಾರಿಯೇ ಮುಚ್ಚುತ್ತದೆ. ತಂಡಕ್ಕೆ ರೀಬೌಂಡ್ ಬೇಕು, ಇವರಲ್ಲಿ ರೀಬೌಂಡ್ ಇದೆ ಎಂದು ಕೂಡಿಸುವ ಸೂತ್ರಕ್ಕೆ ಇದು ಕಾಣುವುದೇ ಇಲ್ಲ. ಬಡಗುತಿಟ್ಟಿನ ಪಳಗಿದ ಚೆಂಡೆಯವರನ್ನು ತೆಂಕಿನ ಹಿಮ್ಮೇಳದಲ್ಲಿ ಕೂರಿಸಿ, ಇಬ್ಬರ ಹೆಸರೂ ದೊಡ್ಡದಲ್ಲವೇ ಎಂದು ಕೇಳಿದಂತೆ.

ಇಷ್ಟು ಸಿಟ್ಟಿದ್ದರೂ ಚಂದಾ ಬಿಡದಿರುವುದಕ್ಕೆ ಕಾರಣ, ಅದೇ ತಾಣದ ಮೂಲೆಯಲ್ಲಿರುವ, ಜಾಹೀರಾತಿನಲ್ಲಿ ಎಲ್ಲೂ ಕಾಣಿಸದ ಜೋಡಿಗಳ ಪಟ್ಟಿ. ಇಬ್ಬರನ್ನು ಆರಿಸಿದರೆ, ಇಬ್ಬರೂ ಅಂಗಳದಲ್ಲಿದ್ದಾಗ, ಒಬ್ಬರೇ ಇದ್ದಾಗ, ಇಬ್ಬರೂ ಬೆಂಚಿನಲ್ಲಿದ್ದಾಗ ತಂಡ ಹೇಗಿತ್ತು ಎಂಬುದನ್ನು ಬಾಸ್ಕೆಟ್‌ಬಾಲ್ ಅಂಕಿಅಂಶ ತಜ್ಞ ಡೀನ್ ಆಲಿವರ್ ಅವರ ನಾಲ್ಕು ಅಂಶಗಳಲ್ಲಿ ಅದು ಬಿಡಿಸಿಡುತ್ತದೆ: ಶೂಟಿಂಗ್, ಟರ್ನೋವರ್ (ಚೆಂಡನ್ನು ಎದುರಾಳಿಗೆ ಕಳೆದುಕೊಳ್ಳುವುದು), ರೀಬೌಂಡ್, ಫ್ರೀ ಥ್ರೋ (ಫೌಲ್‌ಗೆ ಸಿಗುವ ಎಸೆತ). ಆಲಿವರ್ ಶೂಟಿಂಗ್‌ಗೆ ಶೇಕಡಾ 40ರಷ್ಟು ತೂಕ ಕೊಟ್ಟವರು. ಇಲ್ಲಿನ ಶೂಟಿಂಗ್ ಲೆಕ್ಕದಲ್ಲಿ ತ್ರೀ-ಪಾಯಿಂಟರ್‌ಗೆ ಒಂದೂವರೆ ಪಟ್ಟು ಬೆಲೆ. ಹತ್ತು ತ್ರೀಗಳಲ್ಲಿ ನಾಲ್ಕು ಹಾಕಿದವನೂ ಹತ್ತು ಟೂಗಳಲ್ಲಿ ಆರು ಹಾಕಿದವನೂ ಸಮಾನರು. ಹೊಸಬ ಬಂದಮೇಲೆ ಜೊತೆಗಾರನ ಶೂಟಿಂಗ್ ಏರಿತೇ, ಟರ್ನೋವರ್ ಇಳಿಯಿತೇ ಎಂದು ನೋಡುತ್ತ ಹೋದರೆ ಹೊಂದಾಣಿಕೆ ಎಂಬುದು ಕಣ್ಣಿಗೆ ಕಾಣತೊಡಗುತ್ತದೆ.

ಈ ಪಟ್ಟಿಯಲ್ಲಿ ನನ್ನ ಅಚ್ಚುಮೆಚ್ಚಿನವರು ಫ್ರಾನ್ಸಿನ ಆಟಗಾರ ಬೋರಿಸ್ ಡಿಯಾವ್. 2011–12ರಲ್ಲಿ 7 ಗೆದ್ದು 59 ಸೋತ ಷಾರ್ಲಟ್ ತಂಡವೇ ಋತುವಿನ ನಡುವೆ ಅವರನ್ನು ಕೈಬಿಟ್ಟಿತು. ಸ್ಯಾನ್ ಆಂಟೋನಿಯೋ ಸ್ಪರ್ಸ್ ಅವರನ್ನು ಕರೆದುಕೊಂಡಿತು, 2014ರಲ್ಲಿ ಚಾಂಪಿಯನ್ ಆಯಿತು. ಸಿಕ್ಕ ಚೆಂಡನ್ನು ತಕ್ಷಣ ದಾಟಿಸುವ ಅವರ ಗುಣಕ್ಕೆ ಬೆಲೆ ಬರಬೇಕಾದರೆ ಸುತ್ತಲೂ ಓಡುವವರೂ ಶೂಟ್ ಮಾಡುವವರೂ ಇರಬೇಕಿತ್ತು. ಹೊಂದಾಣಿಕೆ ಅಂಕದಲ್ಲಿ ಡಿಯಾವ್ ಎಲ್ಲಿ ಹೋದರೂ ಸಾಧಾರಣರೇ.

ಪಟ್ಟಿಗೂ ಮಿತಿಗಳಿವೆ. ಎಷ್ಟು ನಿಮಿಷಗಳ ಆಟದಿಂದ ಅಂಕಿ ಬಂತು ಎಂಬ ಕಾಲಂ ಬೂದು ಬಣ್ಣದ ಸಣ್ಣ ಅಕ್ಷರದಲ್ಲಿದೆ, ಫೋನಿನಲ್ಲಂತೂ ಕಾಣಿಸುವುದೇ ಇಲ್ಲ. ಅರ್ಧ ಗಂಟೆ ಮಾತ್ರ ಜೊತೆಗೆ ಆಡಿದ ಇಬ್ಬರು ಅದರಲ್ಲಿ ದೇವತೆಗಳಂತೆ ಮೆರೆಯಬಹುದು. ಯಾವಾಗಲೂ ಒಟ್ಟಿಗೇ ಇಳಿಯುವ ಇಬ್ಬರಲ್ಲಿ ಯಾರಿಂದ ಲಾಭವಾಯಿತು ಎಂಬುದನ್ನಂತೂ ಒಬ್ಬೊಬ್ಬರ ಪಾಲನ್ನು ಬೇರೆಬೇರೆಯಾಗಿ ಅಂದಾಜಿಸುವ ಎಂಥ ರಿಗ್ರೆಷನ್ ಲೆಕ್ಕ ಕೂಡ ಸ್ವಚ್ಛವಾಗಿ ಬೇರ್ಪಡಿಸಲಾರದು.

ಡಾಲರಿನ ಶುಲ್ಕಕ್ಕೆ ಬ್ಯಾಂಕಿನ ವಿದೇಶಿ ವಹಿವಾಟು ಶುಲ್ಕವೂ ಸೇರುವುದರಿಂದ ದುಬಾರಿ ಯೋಜನೆ ನನ್ನಂಥ ಸಂಬಳದವರಿಗೆ ಹೊರೆಯೇ. ಹಿಂದಿನ ನವೀಕರಣದಲ್ಲಿ ನಾನು ಅಗ್ಗದ ಯೋಜನೆಗೆ ಇಳಿದೆ. ಹೊಂದಾಣಿಕೆ ಅಂಕ ಹೋಯಿತು, ಜೋಡಿಗಳ ಪಟ್ಟಿ ಉಳಿಯಿತು. ಆ ಪಟ್ಟಿಯನ್ನೂ ಮೇಲಿನ ಯೋಜನೆಗೆ ಏರಿಸಿದ ದಿನ ನಾನು ಚಂದಾ ನಿಲ್ಲಿಸುತ್ತೇನೆ.