ಬಯಲಾಟಕ್ಕೆ 85 ಎಂಎಂ ಎಫ್/1.8 ಲೆನ್ಸ್: ಕೆಲವು ತಿರುಗಾಟಗಳ ಬಳಿಕ

ಯಕ್ಷಗಾನದ ಫೋಟೊಗೆಂದೇ ಕೊಂಡ ಲೆನ್ಸ್ ಇದು. ಫುಲ್‌ಫ್ರೇಮ್ (ದೊಡ್ಡ ಸೆನ್ಸರಿನ) ಕ್ಯಾಮೆರಾಕ್ಕೆ ಹಾಕಿ ತೆಂಕು, ಬಡಗು ಎರಡೂ ತಿಟ್ಟಿನ (ಶೈಲಿಯ) ಆಟಗಳಲ್ಲಿ ಬಳಸುತ್ತಿದ್ದೇನೆ.

ಬೆಳಕಿನ ವಿಷಯದಲ್ಲಿ ದೂರೇ ಇಲ್ಲ. ಎಫ್ ಅಂಕಿ ಚಿಕ್ಕದಾದಷ್ಟೂ ಒಳಬರುವ ಬೆಳಕು ಹೆಚ್ಚು. ಎಫ್/2.8 ಝೂಮ್‌ಗೆ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸಂವೇದನೆ) 6400 ಬೇಕಾದಲ್ಲಿ ಇದಕ್ಕೆ 2500ರ ಆಸುಪಾಸು ಸಾಕು. ಅಭಿನಯಕ್ಕೆ 1/125 ಸೆಕೆಂಡಿನ ಶಟರ್ ವೇಗ ನಡೆಯುತ್ತದೆ. ಪುಂಡುವೇಷ (ಚುರುಕಿನ ಯುವಕನ ಪಾತ್ರ) ದಿಗಿಣ (ಗಿರಕಿ ಹೊಡೆಯುವ ಜಿಗಿತ) ಹಾರುವಾಗ ಮಾತ್ರ 1/500 ಆದರೂ ಬೇಕು.

ಫಜೀತಿಯೆಲ್ಲ ಫೋಕಸ್‌ನಲ್ಲಿ. ಐದು ಮೀಟರ್ ದೂರದಿಂದ ಎಫ್/1.8ರಲ್ಲಿ ಸ್ಪಷ್ಟವಾಗಿ ಬರುವುದು ಹಿಂದೆಮುಂದೆ ಸೇರಿ 37 ಸೆಂ.ಮೀ.ನಷ್ಟು ಆಳ. ಕಣ್ಣು ಸರಿಯಾಗಿ ಬಂದರೆ ಮುಂದೆ ಚಾಚಿದ ಕೈ ಮಸುಕು. ಕ್ಯಾಮೆರಾದ ಮುಖ ಗುರುತಿಸುವ ವ್ಯವಸ್ಥೆ ಸ್ತ್ರೀವೇಷಕ್ಕೆ ಒಗ್ಗುತ್ತದೆ. ಬಣ್ಣದ ವೇಷದ (ರಾಕ್ಷಸ ಪಾತ್ರದ) ಚುಟ್ಟಿ, ಅಂದರೆ ಮುಖಕ್ಕೆ ಇಡುವ ಬಿಳಿ ಮುಳ್ಳುಗಳು, ಕಂಡರೆ ಅದನ್ನು ಮುಖವೆಂದೇ ಒಪ್ಪದೆ ಹೊಳೆಯುವ ಎದೆಕಟ್ಟಿಗೆ ಹೋಗಿ ಕೂರುತ್ತದೆ. ಈಗ ಒಂದೇ ಪಾಯಿಂಟ್ ಇಟ್ಟುಕೊಂಡು ಎಫ್/2.5ರಲ್ಲೇ ಹೆಚ್ಚು ತೆಗೆಯುವುದು. ಆಭರಣದ ಅಂಚಿನ ನೇರಳೆ ಗೆರೆಯೂ ಆಗ ಕಡಿಮೆಯಾಗುತ್ತದೆ.

ಅದೇ ಐದು ಮೀಟರಿನಿಂದ ಕ್ಯಾಮೆರಾ ನೆಟ್ಟಗೆ ತಿರುಗಿಸಿ ಹಿಡಿದರೂ ಸಿಗುವುದು ಸುಮಾರು 2.1 ಮೀಟರ್ ಎತ್ತರ. ಕಿರೀಟದ ವೇಷ ನಿಂತಿದ್ದರೆ ಹೇಗೋ ಹಿಡಿಸುತ್ತದೆ, ಹಾರಿತೋ, ಕಿರೀಟ ಇಲ್ಲವೇ ಗೆಜ್ಜೆ ಹೊರಗೆ. ಪಾತ್ರಗಳು ಒಟ್ಟಾಗಿ ಪ್ರವೇಶಿಸುವ ಒಡ್ಡೋಲಗಕ್ಕಂತೂ ಈ ಲೆನ್ಸ್ ಬೇಡವೇ ಬೇಡ.

ಲೆನ್ಸ್‌ನ ತಪ್ಪಲ್ಲದ ಒಂದು ಪೇಚೂ ಇದೆ. ಭಾಗವತರು ಶೋಕದ ಪದ್ಯ ಎತ್ತಿಕೊಂಡಾಗ ಶಟರ್ ಸದ್ದು ಪಕ್ಕದವರಿಗೆ ಕಿರಿಕಿರಿ (ನನಗೂ). ಸೈಲೆಂಟ್‌ಗೆ ಹಾಕಿದರೆ ಎಲೆಕ್ಟ್ರಾನಿಕ್ ಶಟರ್, ಎಲ್‌ಇಡಿ ಫ್ಲಡ್‌ಲೈಟಿನಡಿ ಚಿತ್ರದ ತುಂಬ ಅಡ್ಡಪಟ್ಟಿ. ನಮ್ಮ 50 ಹರ್ಟ್ಸ್ ಕರೆಂಟಿನಲ್ಲಿ ಅಗ್ಗದ ಲೈಟುಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. 1/100 ಇಟ್ಟರೆ ಪಟ್ಟಿ ಬಹುಮಟ್ಟಿಗೆ ಹೋಗುತ್ತದೆ, ಆದರೆ ಆ ವೇಗಕ್ಕೆ ಕುಣಿತ ಸಿಕ್ಕುವುದಿಲ್ಲ. ಹಾಗಾಗಿ ಚೆಂಡೆ ಏರಿದಾಗ ಮೆಕ್ಯಾನಿಕಲ್ ಶಟರ್‌ನಲ್ಲಿ ತೆಗೆಯುತ್ತೇನೆ, ಶೋಕದ ಪದ್ಯಕ್ಕೆ ಕ್ಯಾಮೆರಾ ಮಡಿಲಲ್ಲಿಟ್ಟು ಕೇಳುತ್ತೇನೆ. ಇನ್ನು ರಂಗಸ್ಥಳಕ್ಕೆ ಕೆಂಪು ಲೈಟು ಬಿಡುವವರಿಗೆ ಏನು ಹೇಳಲಿ! ಕೆಂಪು ಚಾನೆಲ್ ಪೂರ್ತಿ ಸುಟ್ಟು ಮುಖದ ಬರವಣಿಗೆಯೇ ಅಳಿಸಿಹೋಗುತ್ತದೆ. ಎಕ್ಸ್‌ಪೋಶರ್ ಒಂದು ಸ್ಟಾಪ್ ಇಳಿಸಿ ರಾ (ಕ್ಯಾಮೆರಾ ಸಂಸ್ಕರಿಸದ) ಫೈಲ್‌ನಲ್ಲಿ ತೆಗೆಯುವುದೇ ದಾರಿ.

ಪತ್ತನಾಜೆಗೆ (ಮೇ ಕೊನೆಯ ಹೊತ್ತಿಗೆ ಆಟದ ಹಂಗಾಮು ಮುಗಿಯುವ ದಿನ) ಮೇಳ ಗೆಜ್ಜೆ ಬಿಚ್ಚಿತೆಂದು ಲೆನ್ಸನ್ನು ಬ್ಯಾಗಿನಲ್ಲೇ ಬಿಡಬೇಡಿ. ಕರಾವಳಿಯ ಮಳೆಗಾಲಕ್ಕೆ ಗಾಜಿನ ಮೇಲೆ ಫಂಗಸ್ ಹಿಡಿಯುತ್ತದೆ. ಸಿಲಿಕಾ ಜೆಲ್ ಹಾಕಿದ ಬಿಗಿ ಡಬ್ಬಿ ಸಾಕು.

ಮುಖಭಾವವೇ ಮುಖ್ಯ, ಮುಂದಿನ ಸಾಲಿನಲ್ಲಿ ಜಾಗವೂ ಸಿಗುತ್ತದೆ ಎನ್ನುವವರು ಧಾರಾಳವಾಗಿ ಕೊಳ್ಳಿ. ಕ್ರಾಪ್ ಸೆನ್ಸರ್ (ಚಿಕ್ಕ ಸೆನ್ಸರಿನ) ಕ್ಯಾಮೆರಾ ಇದ್ದವರಿಗೆ 50 ಎಂಎಂ ಎಫ್/1.8 ಸಾಕು, ಬೆಲೆಯೂ ಕಡಿಮೆ.