ತುಕ್ಕು ಹಿಡಿದ ಕಾರ್ ಡೋರಿಗೆ ಪುಟ್ಟಿ ಮೆತ್ತಿ ಬಣ್ಣ ಹೊಡೆಯುವವರಿದ್ದಾರೆ, ಹುಷಾರು

ಕಾರಿನ ಡೋರಿನ ಕೆಳಗಿನ ಅಂಚಿನಲ್ಲಿ ಬಣ್ಣ ಗುಳ್ಳೆ ಎದ್ದಿದೆಯಾ? ಗ್ಯಾರೇಜಿನವರು ಒಂದು ಸಲ ನೋಡಿ, "ಸಣ್ಣ ತುಕ್ಕು ಸಾರ್, ಉಜ್ಜಿ ಬಣ್ಣ ಹೊಡೆದರೆ ಆಯ್ತು" ಅಂದರೆ ತಕ್ಷಣ ಬೀಗದ ಕೈ ಕೊಟ್ಟು ಬರಬೇಡಿ. ನನ್ನ ಕಾರಿಗೂ ಇದೇ ಮಾತು ಹೇಳಿ ಕೆಲಸ ಮಾಡಿದರು. ಈಗ ಆ ಡೋರು ಗುಜರಿ ಸೇರಿದೆ. ರಿಪೇರಿಗೆ ಕೊಟ್ಟ ದುಡ್ಡು ಹೋಯಿತು, ಹೊಸ ಡೋರಿನ ದುಡ್ಡು ಬೇರೆ.

ಡೋರು ಬದಲಿಸಬೇಕಾ ಅಂತ ನಾನೇ ಕೇಳಿದ್ದೆ. ಬೇಡವೇ ಬೇಡ ಅಂದರು. ಒಳಗಿನ ಟ್ರಿಮ್, ಅಂದರೆ ಡೋರಿನ ಒಳಬದಿಯ ಹೊದಿಕೆ, ಬಿಚ್ಚಿ ನೋಡಿ ಅಂದೆ. ಮಾರನೆಯ ದಿನ ಫೋನ್ ಮಾಡಿ, "ಬಿಚ್ಚಿ ನೋಡಿದೆವು, ಒಳಗೆಲ್ಲ ಗಟ್ಟಿಯಾಗಿದೆ" ಅಂದರು. ಡೋರು ವಾಪಸ್ ಬಂದಾಗ ಫಳಫಳ ಹೊಳೆಯುತ್ತಿತ್ತು. ಎಲ್ಲಿ ಗುಳ್ಳೆ ಇತ್ತು ಅಂತ ಹುಡುಕಿದರೂ ಸಿಗುತ್ತಿರಲಿಲ್ಲ.

ಮಳೆ ಶುರುವಾಗುವ ತನಕ ಎಲ್ಲ ಚೆನ್ನಾಗಿತ್ತು. ಆಮೇಲೆ ಡೋರು ತೆಗೆದಾಗಲೆಲ್ಲ ಒಳಗೆ ನೀರು ಕುಲುಕುವ ಸದ್ದು. ಗಾಜು ಏರುವುದು ನಿಧಾನವಾಯಿತು, ನಂತರ ಪವರ್ ವಿಂಡೋ ಮೋಟರ್ ಪೂರ್ತಿ ನಿಂತಿತು. ಹಳೆಯ ಜಾಗದಲ್ಲೇ ಗುಳ್ಳೆ, ಈ ಸಲ ಇನ್ನೂ ಅಗಲವಾಗಿ. ಒಂದು ದಿನ ಯಾರೋ ಡೋರನ್ನು ಸ್ವಲ್ಪ ಜೋರಾಗಿ ಹಾಕಿದರು ನೋಡಿ, ಅಂಗೈಯಗಲದ ಪುಟ್ಟಿಯ ಚಕ್ಕೆ ಬಣ್ಣದ ಸಮೇತ ಕೆಳಗೆ ಬಿತ್ತು. ಹಿಂದೆ ತಗಡೇ ಇರಲಿಲ್ಲ! ತೂತಿಗೆ ಒಂದು ಜಾಲರಿ ಅಂಟಿಸಿ, ಅದರ ಮೇಲೆ ಪುಟ್ಟಿ ಬಳಿದಿದ್ದರು.

ಬೇರೊಬ್ಬ ಟಿಂಕರ್ ಹತ್ತಿರ ಬಿಚ್ಚಿಸಿದಾಗ ಉಳಿದ ಬಣ್ಣವೂ ಬಯಲಾಯಿತು. ಟ್ರಿಮ್ ಹಿಂದೆ ಕಂಪನಿಯಲ್ಲೇ ಅಂಟಿಸಿದ ಪ್ಲಾಸ್ಟಿಕ್ ಹಾಳೆ ಹಾಗೇ ಇತ್ತು, ಅದರ ಅಂಟನ್ನು ಯಾರೂ ಬಿಡಿಸಿಯೇ ಇರಲಿಲ್ಲ. ಅಂದರೆ "ಬಿಚ್ಚಿ ನೋಡಿದೆವು" ಅನ್ನುವುದು ಶುದ್ಧ ಸುಳ್ಳು. ಅದಕ್ಕಿಂತ ಸಿಟ್ಟು ಬಂದಿದ್ದು ಡೋರಿನ ತಳ ನೋಡಿ. ನೀರು ಹೊರಗೆ ಹೋಗಬೇಕಾದ ತೂತುಗಳನ್ನೆಲ್ಲ ಸೀಲರ್ ಬಳಿದು ಮುಚ್ಚಿಬಿಟ್ಟಿದ್ದರು.

ಈ ತೂತುಗಳ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಕಾರ್ ಡೋರಿನೊಳಗೆ ನೀರು ಹೋಗುವುದು ತಪ್ಪಲ್ಲ. ಗಾಜಿನ ಪಕ್ಕದ ರಬ್ಬರ್ ದಾಟಿ ಮಳೆನೀರು ಒಳಗೆ ಇಳಿದೇ ಇಳಿಯುತ್ತದೆ. ಇಳಿದ ನೀರು ತಳದ ತೂತುಗಳಿಂದ ಹೊರಗೆ ಹೋಗಲಿ ಅಂತಲೇ ಡೋರನ್ನು ಹಾಗೆ ಮಾಡಿರುತ್ತಾರೆ. ಧೂಳು, ಮಣ್ಣು, ಕಸ ಸೇರಿ ಆ ತೂತು ಕಟ್ಟಿಕೊಂಡರೆ ನೀರು ಒಳಗೇ ನಿಲ್ಲುತ್ತದೆ. ತಳದಲ್ಲಿ ಹೊರಗಿನ ತಗಡನ್ನು ಒಳಗಿನ ಫ್ರೇಮಿನ ಮೇಲೆ ಮಡಚಿ ಕೂರಿಸಿರುತ್ತಾರಲ್ಲ, ಆ ಮಡಿಕೆಯ ಸಂದಿಗೆ ತೇವ ಸೇರಿದರೆ ಬೇಗ ಒಣಗುವುದಿಲ್ಲ. ತುಕ್ಕು ಹುಟ್ಟುವುದು ಅಲ್ಲಿ. ಹೊರಗಿನ ತಗಡು ಒಂದು ಮಿಲಿಮೀಟರ್ ದಪ್ಪ ಕೂಡ ಇರುವುದಿಲ್ಲ, ಸಾಮಾನ್ಯವಾಗಿ 0.7 ಮಿ.ಮೀ. ಆಸುಪಾಸು. ತುಕ್ಕಾದ ಕಬ್ಬಿಣ ಉಬ್ಬಿ ಜಾಸ್ತಿ ಜಾಗ ಕೇಳುತ್ತದೆ, ಬಣ್ಣವನ್ನು ಎತ್ತುತ್ತದೆ. ಹಾಗಾಗಿ ತಳದಲ್ಲಿ ಗುಳ್ಳೆ ಕಾಣಿಸುವ ಹೊತ್ತಿಗೆ ಒಳಗಿನ ಕೆಲಸ ಬಹುಪಾಲು ಮುಗಿದಿರುತ್ತದೆ. ಹೊರಗಿನಿಂದ ಉಜ್ಜಿ ಬಣ್ಣ ಹೊಡೆಯುವುದು ಹುಳುಕು ಹಲ್ಲಿಗೆ ಸುಣ್ಣ ಬಳಿದ ಹಾಗೆ.

ಪುಟ್ಟಿಯೇ ಕೆಟ್ಟದ್ದು ಅಂತ ಅಲ್ಲ. ಗಟ್ಟಿ ತಗಡಿನ ಮೇಲಿನ ಸಣ್ಣ ತಗ್ಗು ಸಮ ಮಾಡುವುದಕ್ಕೆ ಅದು ಬೇಕೇ ಬೇಕು. ಆದರೆ ತೂತು ಮುಚ್ಚುವ ವಸ್ತು ಅದಲ್ಲ. ಹಿಂಬದಿಯಿಂದ ತೇವ ಹೀರುತ್ತದೆ, ಸುತ್ತಲಿನ ತಗಡು ಇನ್ನೂ ತುಕ್ಕು ಹಿಡಿಯುತ್ತದೆ, ಕೊನೆಗೆ ಹಿಡಿತ ಬಿಟ್ಟು ಉದುರುತ್ತದೆ.

ಹಾಗಾದರೆ ರಿಪೇರಿಯಾ, ಬದಲಿಯಾ? ತುಕ್ಕು ಎಲ್ಲಿದೆ ಅನ್ನುವುದರ ಮೇಲೆ ನಿಂತಿದೆ. ಕಲ್ಲು ತಾಗಿದ ಕಡೆ, ಗೀರು ಬಿದ್ದ ಕಡೆ ಮೇಲ್ಮೈ ತುಕ್ಕಿದ್ದರೆ ಡೋರು ಬದಲಿಸಿ ಅನ್ನುವವರನ್ನು ನಂಬಬೇಡಿ. ಹೊಳೆಯುವ ಲೋಹ ಬರುವ ತನಕ ಉಜ್ಜಿ, ಎಪಾಕ್ಸಿ ಪ್ರೈಮರ್ (ತೇವ ತಡೆಯುವ ತಳಬಣ್ಣ) ಹಾಕಿ ಬಣ್ಣ ಹೊಡೆದರೆ ಸಾಕು. ತೂತು ಬಿದ್ದಿದ್ದರೂ ಒಳಗಿನ ಫ್ರೇಮ್ ಗಟ್ಟಿಯಿದ್ದರೆ ಆ ಭಾಗ ಕತ್ತರಿಸಿ ಹೊಸ ತಗಡು ವೆಲ್ಡ್ ಮಾಡಬಹುದು, ಅಥವಾ ಹೊರಗಿನ ತಗಡನ್ನಷ್ಟೇ ಪೂರ್ತಿ ಬದಲಿಸಬಹುದು. ಎರಡಕ್ಕೂ ಪಳಗಿದ ಕೈ ಬೇಕು. ತೆಳು ತಗಡಿಗೆ ವೆಲ್ಡಿಂಗ್ ಬಿಸಿ ಜಾಸ್ತಿಯಾದರೆ ಅಲೆಅಲೆಯಾಗಿ ಸೊಟ್ಟಗಾಗುತ್ತದೆ. ಆದರೆ ಫ್ರೇಮಿನ ತಳ, ಹಿಂಜ್ ಕೂರುವ ಜಾಗ, ಲಾಕ್ ಕೂರುವ ಜಾಗ, ಒಳಗೆ ಅಡ್ಡಲಾಗಿರುವ ಸೈಡ್ ಇಂಪ್ಯಾಕ್ಟ್ ಬೀಮಿನ ತುದಿಗಳು, ಇವುಗಳಲ್ಲಿ ಯಾವುದನ್ನಾದರೂ ತುಕ್ಕು ತಿಂದಿದ್ದರೆ ಡೋರು ಬದಲಿಸಿ. ಪಕ್ಕದಿಂದ ಗಾಡಿ ಗುದ್ದಿದಾಗ ಪೆಟ್ಟು ತಡೆಯಬೇಕಾದ ಭಾಗಗಳವು.

ಇದೆಲ್ಲ ಗೊತ್ತಾಗಬೇಕಾದರೆ ಟ್ರಿಮ್ ತೆಗೆಸಲೇಬೇಕು, ಅದೂ ನಿಮ್ಮ ಕಣ್ಣೆದುರಿಗೆ. ಸ್ಕ್ರೂಡ್ರೈವರ್ ತುದಿಯಿಂದ ತಳದ ಉದ್ದಕ್ಕೂ ಒತ್ತಿ ನೋಡಿ. ಗಟ್ಟಿ ತಗಡು ಒತ್ತಿದರೆ ಜಗ್ಗುವುದಿಲ್ಲ, ತುಕ್ಕು ತಿಂದದ್ದು ಪುಡಿಪುಡಿಯಾಗುತ್ತದೆ.

ಬದಲಿಸೋಣ ಅಂತ ತೀರ್ಮಾನಿಸಿದ ಮೇಲೂ ಇನ್ನೊಂದು ಗುಂಡಿ ಕಾದಿತ್ತು. ಗುಜರಿಯಿಂದ "ಒಂದು ಚೂರೂ ತುಕ್ಕಿಲ್ಲದ ಡೋರು" ಅಂತ ತಂದು ತೋರಿಸಿದರು. ತೆಳು ಬಟ್ಟೆ ಸುತ್ತಿದ ಸಣ್ಣ ಮ್ಯಾಗ್ನೆಟ್ಟನ್ನು ತಳದುದ್ದಕ್ಕೂ ಎಳೆದೆ. ನಡುವೆ ಕಚ್ಚಿತು, ಮೂಲೆಗೆ ಬರುತ್ತಿದ್ದಂತೆ ಜಾರಿ ಬಿತ್ತು. ಅದಕ್ಕೂ ಪುಟ್ಟಿ ಮೆತ್ತಿದ್ದರು! ಹಳೆ ಡೋರು ತಗೊಳ್ಳುವುದು ತಪ್ಪೇನಲ್ಲ, ಎಷ್ಟೋ ಸಲ ಅದೇ ಜಾಣತನ. ಆದರೆ ಮ್ಯಾಗ್ನೆಟ್ ಜೇಬಿನಲ್ಲಿರಲಿ (ಅಲ್ಯೂಮಿನಿಯಂ ಡೋರಿನ ಕಾರಾದರೆ ಈ ಪರೀಕ್ಷೆ ನಡೆಯುವುದಿಲ್ಲ). ಮಾಡೆಲ್ ಒಂದೇ ಆದರೂ ವೈರಿಂಗ್ ಕನೆಕ್ಟರ್, ಕನ್ನಡಿ ಕೂರುವ ಜಾಗ ವರ್ಷದಿಂದ ವರ್ಷಕ್ಕೆ ಬದಲಾಗಿರಬಹುದು. ಕೆಲವು ಕಾರುಗಳಲ್ಲಿ ಸೈಡ್ ಏರ್‌ಬ್ಯಾಗಿನ ಸೆನ್ಸರ್ ಡೋರಿನೊಳಗೇ ಇರುತ್ತದೆ. ನಿಮ್ಮ ಡೋರಿನಲ್ಲಿ ಅದಿದ್ದರೆ ಹೊಸದರಲ್ಲೂ ಇರಲೇಬೇಕು. ಬಣ್ಣದ ಕೋಡ್ ಒಂದೇ ಇದ್ದರೂ ಬಿಸಿಲಿಗೆ ಮಾಸಿದ ಬಣ್ಣ ಪಕ್ಕದ ಬಣ್ಣಕ್ಕೆ ಸರಿಹೊಂದುವುದು ಅಪರೂಪ.

ಹೊಸ ಡೋರಾದರೆ ಸಾಮಾನ್ಯವಾಗಿ ಬರೀ ಪ್ರೈಮರಿನಲ್ಲಿ ಬರುತ್ತದೆ. ಗಾಜು, ಮೋಟರ್, ಲಾಕ್ ಎಲ್ಲ ಹಳೆಯದರಿಂದ ತೆಗೆದು ಜೋಡಿಸಬೇಕು, ಆ ಕೂಲಿ ಬೇರೆ ಅಂತ ಮೊದಲೇ ಲೆಕ್ಕ ಹಾಕಿಕೊಳ್ಳಿ. ಬಣ್ಣ ಒಣಗಿದ ಮೇಲೆ ಒಳಗಿನ ಮಡಿಕೆಗಳಿಗೆ ಕ್ಯಾವಿಟಿ ವ್ಯಾಕ್ಸ್, ಅಂದರೆ ತುಕ್ಕು ತಡೆಯುವ ಮೇಣ, ಹೊಡೆಸಿ. ಇದನ್ನು ಯಾರೂ ತಾವಾಗಿ ಹೇಳುವುದಿಲ್ಲ. ಹಾಗೇ ಡೋರು ಕಳಚಿದಾಗ ಹಿಂಜ್ ಹಿಡಿದಿರುವ ಕಂಬ, ಕೆಳಗಿನ ಹೊಸ್ತಿಲ ಭಾಗ ಎರಡನ್ನೂ ನೋಡಿಬಿಡಿ. ಅಲ್ಲೂ ತುಕ್ಕು ತಿಂದಿದ್ದರೆ ಬರೀ ಡೋರಿಗೆ ಸುಮ್ನೆ ದುಡ್ಡು ಸುರಿಯುವ ಮೊದಲು ಕಾರಿನ ಬಗ್ಗೆಯೇ ಯೋಚಿಸಬೇಕಾಗುತ್ತದೆ.

ಗಾಡಿ ವಾಪಸ್ ತಗೊಳ್ಳುವಾಗ ಗಾಜು ಏರಿಸಿ, ಹೊರಗಿನ ರಬ್ಬರಿನ ಮೇಲೆ ಒಂದು ಚೊಂಬು ನೀರು ಸುರಿಯಿರಿ. ಸ್ವಲ್ಪ ಹೊತ್ತಿಗೆ ಡೋರಿನ ತಳದ ತೂತುಗಳಿಂದ ತೊಟ್ಟಿಕ್ಕಬೇಕು. ತೊಟ್ಟಿಕ್ಕದಿದ್ದರೆ ತೂತು ತೆರೆದು ತೋರಿಸುವ ತನಕ ದುಡ್ಡು ಕೊಡಬೇಡಿ.

ಮೊದಲಿನ ಗ್ಯಾರೇಜಿಗೆ ಆ ಚಕ್ಕೆ ಹಿಡಿದುಕೊಂಡೇ ಹೋಗಿದ್ದೆ. "ತುಕ್ಕಿಗೆ ಗ್ಯಾರಂಟಿ ಇಲ್ಲ ಸಾರ್" ಅಂದರು. ಬಿಲ್ಲಿನಲ್ಲಿ "ಡೋರ್ ಪೇಂಟಿಂಗ್" ಅಂತ ಮಾತ್ರ ಇತ್ತು, ತಗಡಿನ ಮಾತೇ ಇಲ್ಲ. ಅದಕ್ಕೇ ಹೇಳುವುದು, ಕೆಲಸ ಕೊಡುವ ಮೊದಲೇ "ತುಕ್ಕು ಕತ್ತರಿಸಿ ತೆಗೆದು ಹೊಸ ತಗಡು ವೆಲ್ಡ್ ಮಾಡುವುದು" ಅಂತ ಎಸ್ಟಿಮೇಟಿನಲ್ಲಿ ಬರೆಸಿಕೊಳ್ಳಿ, ಬಣ್ಣ ಹೊಡೆಯುವ ಮುಂಚಿನ ಫೋಟೋ ಕೇಳಿ. ಇಷ್ಟಕ್ಕೆ ಮುಖ ಸಿಂಡರಿಸುವ ಗ್ಯಾರೇಜಾದರೆ ಬೀಗದ ಕೈ ವಾಪಸ್ ಇಸ್ಕೊಂಡು ಬನ್ನಿ.